ಆಂಡರ್ಸನ್ ಕೈಯಲ್ಲಿದ್ದ ವಿಂಚೆಸ್ಟರ್

2019ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕೋಲ್ಟ್ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ಎಆರ್-15 ಮಾದರಿಯ ರೈಫಲ್‌ಗಳನ್ನು ಸಾರ್ವಜನಿಕರಿಗೆಂದು ತಯಾರಿಸುವುದನ್ನು ಸದ್ಯಕ್ಕೆ ನಿಲ್ಲಿಸುತ್ತೇವೆ, ಅಂಗಡಿಗಳಲ್ಲಿ ಈಗಾಗಲೇ ಬೇಕಾದಷ್ಟು ಇವೆ, ಸೇನೆ ಮತ್ತು ಪೊಲೀಸರ ಆರ್ಡರುಗಳೇ ನಮ್ಮ ಕೈ ತುಂಬಿವೆ ಎಂಬುದು ಅದರ ಸಾರಾಂಶ. ಬಂದೂಕು ಬೇಡ ಎನ್ನುವವರು ಇದನ್ನು ಗೆಲುವು ಎಂದುಕೊಂಡರು, ಬೇಕು ಎನ್ನುವವರು ದ್ರೋಹ ಎಂದರು. ಕಂಪನಿಗೆ ಮಾತ್ರ ಅದು ಲೆಕ್ಕದ ಪುಸ್ತಕದ ಒಂದು ಸಾಲು. ಬಂದೂಕು ಕಂಪನಿಗಳು ಹೀಗೆ ಸಾಮಾನ್ಯ ಗಿರಾಕಿಯನ್ನು ಬಿಟ್ಟು ಹೋಗುವುದು ಹೊಸದೇನಲ್ಲ. ಅದಕ್ಕೂ ಸುಮಾರು 80 ವರ್ಷ ಮೊದಲೇ ಇನ್ನೊಂದು ಅಮೆರಿಕನ್ ಕಂಪನಿ ಒಂದು ಬೇಟೆ ರೈಫಲ್ಲನ್ನು ಕೈಬಿಟ್ಟಿತ್ತು. ಆ ರೈಫಲ್ ಹಿಡಿದು ನಮ್ಮ ಬನ್ನೇರುಘಟ್ಟದಾಚೆಯ ಕಾಡುಗಳನ್ನೆಲ್ಲ ಸುತ್ತಿದವರು ಕೆನೆತ್ ಆಂಡರ್ಸನ್.

ಕನ್ನಡದಲ್ಲಿ ಆಂಡರ್ಸನ್ ಹೆಸರು ಗೊತ್ತಿಲ್ಲದವರಿಗೂ ಅವರ ಕಥೆಗಳು ಗೊತ್ತಿರುತ್ತವೆ. ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದ ‘ಬೆಳ್ಳಂದೂರಿನ ನರಭಕ್ಷಕ’, ‘ಪೆದ್ದಚೆರುವಿನ ರಾಕ್ಷಸ’, ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಎಲ್ಲವೂ ಮೂಲದಲ್ಲಿ ಆಂಡರ್ಸನ್ ಅನುಭವಗಳು. ಹಾಸ್ಟೆಲ್ಲಿನಲ್ಲಿ ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತುಹೋದ ಪುಸ್ತಕಗಳ ಪೈಕಿ ಇವು ಇದ್ದೇ ಇರುತ್ತವೆ. ತೇಜಸ್ವಿ ಅವರ ಕನ್ನಡ ಎಷ್ಟು ಸಲೀಸಾಗಿದೆಯೆಂದರೆ, ಓದುತ್ತಾ ಓದುತ್ತಾ ಇದನ್ನು ಬರೆದವರು ಇಂಗ್ಲಿಷಿನವರು ಎಂಬುದೇ ಮರೆತುಹೋಗುತ್ತದೆ.

ಹಾಗೆ ನೋಡಿದರೆ ಅವರನ್ನು ಇಂಗ್ಲಿಷಿನವರು ಎನ್ನುವುದೂ ಅಷ್ಟು ಸರಿಯಲ್ಲ. ಅವರದು ಸ್ಕಾಟ್ಲೆಂಡ್ ಮೂಲದ ಕುಟುಂಬ. ಆರು ತಲೆಮಾರುಗಳಿಂದ ಭಾರತದಲ್ಲೇ ನೆಲೆಸಿತ್ತು. ಕೆನೆತ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಹೈದರಾಬಾದಿನ ಬಳಿಯ ಬೊಲ್ಲಾರಂನಲ್ಲಿ. ತಂದೆ ಸೇನೆಯವರ ಸಂಬಳದ ಲೆಕ್ಕ ನೋಡುವ ಇಲಾಖೆಯಲ್ಲಿ ಅಧಿಕಾರಿ. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಆಮೇಲೆ ಸೇಂಟ್ ಜೋಸೆಫ್ಸ್ ಕಾಲೇಜು. ಮನೆಯವರು ಕಾನೂನು ಓದಲೆಂದು ಎಡಿನ್‌ಬರೋಗೆ ಕಳಿಸಿದರು. ಅವರು ಓದು ಮುಗಿಸದೆ ವಾಪಸ್ ಬಂದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಡ್ರಾಪ್‌ಔಟ್. ಬಂದವರು ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಸುಮಾರು 15 ವರ್ಷ ಕೆಲಸ ಮಾಡಿದರು. ಮುಂದೆ ಬೆಂಗಳೂರಿನ ವಿಮಾನ ಕಾರ್ಖಾನೆ ಸೇರಿ, ಅಲ್ಲಿ ಯೋಜನಾ ವಿಭಾಗದ ಫ್ಯಾಕ್ಟರಿ ಮ್ಯಾನೇಜರ್ ಆದರು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜತೆ ಸೇರಿ ಶುರು ಮಾಡಿದ, ಇವತ್ತು ನಾವು ಎಚ್‌ಎಎಲ್ ಎನ್ನುವ ಕಾರ್ಖಾನೆಯೇ ಅದು.

ಈ ನೌಕರಿಯ ವಿಷಯವನ್ನು ಬೇಟೆಯ ಕಥೆ ಹೇಳುವವರು ಬೇಗ ದಾಟಿಹೋಗುತ್ತಾರೆ. ನನಗೆ ಇದೇ ಕುತೂಹಲದ ಭಾಗ. ನಾವು ಕಲ್ಪಿಸಿಕೊಳ್ಳುವ ಶಿಕಾರಿ ದೊರೆ ಅಂದರೆ ಹಿಂದೆ ಮುಂದೆ ಆನೆ, ಆಳು, ಡೇರೆ ಇಟ್ಟುಕೊಂಡವನು. ಆಂಡರ್ಸನ್ ಸಂಬಳದಾರ. ರಜೆ ಕೇಳಿ, ತಮ್ಮ ಸ್ಟುಡ್‌ಬೇಕರ್ ಕಾರು ಹತ್ತಿ ಕಾಡಿಗೆ ಹೋಗಿ, ರಜೆ ಮುಗಿಯುವಷ್ಟರಲ್ಲಿ ಕಚೇರಿಗೆ ಮರಳಬೇಕಿದ್ದವರು. ಹುಲಿ ಇನ್ನೂ ಸಿಕ್ಕಿಲ್ಲ, ರಜೆ ಮುಗಿಯುತ್ತಾ ಬಂತು ಎಂಬ ಚಡಪಡಿಕೆ ಅವರ ಕಥೆಗಳಲ್ಲಿ ಆಗಾಗ ಇಣುಕುತ್ತದೆ. ಕೆಲಸದ ಜತೆಗೇ ಇನ್ನೊಂದು ಹುಚ್ಚನ್ನು ಸಾಕಿಕೊಂಡವರಿಗೆಲ್ಲ ಈ ಚಡಪಡಿಕೆ ಗೊತ್ತಿರುತ್ತದೆ.

ಅವರ ಕೈಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು .405 ವಿಂಚೆಸ್ಟರ್, 1895ನೇ ಮಾದರಿ. ಇದರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ವಿಂಚೆಸ್ಟರ್ ಕಂಪನಿಯನ್ನು ಕಟ್ಟಿದ ಆಲಿವರ್ ವಿಂಚೆಸ್ಟರ್ ಮೂಲತಃ ಅಂಗಿ ತಯಾರಿಸುತ್ತಿದ್ದವರು. 1866ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಅವರ ಬಂದೂಕು ಕಂಪನಿ ಆ ಹೆಸರಿನಲ್ಲಿ ಶುರುವಾಯಿತು. ಟ್ರಿಗರಿನ ಕೆಳಗಿರುವ ಸನ್ನೆಯನ್ನು ಕೆಳಕ್ಕೆಳೆದು ಮೇಲಕ್ಕೆತ್ತಿದರೆ ಖಾಲಿ ತೋಟಾ ಹೊರಬಿದ್ದು ಹೊಸದು ಒಳಸೇರುವುದು ಅವರ ರೈಫಲ್‌ಗಳ ವಿಶೇಷ. ಹಳೆಯ ಕೌಬಾಯ್ ಸಿನಿಮಾ ನೋಡಿದವರಿಗೆ ಆ ಸದ್ದು ನೆನಪಿರುತ್ತದೆ. ಆದರೆ ಆ ರೈಫಲ್‌ಗಳಲ್ಲಿ ಒಂದು ತೊಡಕಿತ್ತು. ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಮಲಗಿರುತ್ತಿದ್ದವು. ಹಿಂದಿನ ತೋಟಾದ ಮೂತಿ ಮುಂದಿನದರ ಬೆನ್ನಿಗೆ, ಅಂದರೆ ಸರಿಯಾಗಿ ಕಿಡಿ ಹೊತ್ತುವ ಜಾಗಕ್ಕೆ ತಾಗಿಕೊಂಡಿರುತ್ತಿತ್ತು. ಗುಂಡಿನ ಮೂತಿ ಮೊಂಡಾಗಿದ್ದರೆ ಪರವಾಗಿಲ್ಲ. ಚೂಪಾಗಿದ್ದರೆ ರೈಫಲ್ ಅದುರಿದಾಗ ಕೊಳವೆಯೊಳಗೇ ಸಿಡಿಯಬಹುದು. ಹೊಸ ಕಾಲದ ಚೂಪು ಗುಂಡು, ಬಲವಾದ ಮದ್ದು ಬಳಸಬೇಕೆಂದರೆ ಇಡೀ ವಿನ್ಯಾಸವೇ ಬದಲಾಗಬೇಕಿತ್ತು. ಜಾನ್ ಬ್ರೌನಿಂಗ್ ಎಂಬ ಮಹಾ ಬುದ್ಧಿವಂತ ತೋಟಾಗಳನ್ನು ಒಂದರ ಮೇಲೊಂದು ಪೇರಿಸುವ ಪೆಟ್ಟಿಗೆ ಮಾಡಿ, ಸನ್ನೆಯನ್ನು ಹಾಗೇ ಉಳಿಸಿಕೊಂಡರು. ಅದೇ 1895ನೇ ಮಾದರಿ. ಇಷ್ಟು ಸರಳ ಉಪಾಯ, ನೋಡಿದ ಮೇಲೆ ನಮಗೂ ಹೊಳೆಯಬಹುದಿತ್ತಲ್ಲ ಅನ್ನಿಸುವಂಥದ್ದು.

1904ರಲ್ಲಿ ಈ ಮಾದರಿಗೆ .405 ತೋಟಾ ಬಂತು. ಗುಂಡಿನ ತೂಕ 300 ಗ್ರೇನ್, ಅಂದರೆ 19 ಗ್ರಾಂ ಚಿಲ್ಲರೆ. ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಹೈಸ್ಕೂಲಿನ ಚಲನಶಕ್ತಿಯ ಸೂತ್ರಕ್ಕೆ ಹಾಕಿ ನೋಡಿ: ಸುಮಾರು 4,300 ಜೂಲ್. ಸವಾರನೂ ಸೇರಿ 180 ಕೆ.ಜಿ. ತೂಗುವ ಬೈಕು ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವಾಗ ಅದರಲ್ಲಿರುವಷ್ಟು ಶಕ್ತಿಯನ್ನು ಬೆರಳಿನ ತುದಿಯಷ್ಟಗಲದ ಸೀಸ ಹೊತ್ತುಕೊಂಡು ಹೋಗುತ್ತದೆ. ಹಾರಿಸುವವರ ಭುಜಕ್ಕೂ ಒದೆ ಬೀಳುತ್ತಿತ್ತು. .405 ಒದೆಯುವುದರಲ್ಲಿ ಹೆಸರುವಾಸಿ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಬೇಟೆಗೆ ಹೋದಾಗ ಸಿಂಹಗಳಿಗೆಂದು ಒಯ್ದದ್ದೂ ಇದನ್ನೇ.

ಇಷ್ಟೆಲ್ಲ ಹೆಸರಿದ್ದರೂ 1895ನೇ ಮಾದರಿಯ ಅತಿ ದೊಡ್ಡ ಗಿರಾಕಿ ಬೇಟೆಗಾರರಲ್ಲ. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಕೊಡಲು ಬಂದೂಕು ಸಾಲದೆ ರಷ್ಯಾದ ಜಾರ್ ಸರ್ಕಾರ ಸುಮಾರು 3 ಲಕ್ಷ ರೈಫಲ್‌ಗಳನ್ನು ವಿಂಚೆಸ್ಟರ್‌ನಿಂದ ಕೊಂಡುಕೊಂಡಿತು. ಈ ಮಾದರಿ ಒಟ್ಟಾರೆ ತಯಾರಾದದ್ದೇ 4 ಲಕ್ಷ ಚಿಲ್ಲರೆ. ಯುದ್ಧದ ಆರ್ಡರುಗಳಿಗೆಂದು ಕಂಪನಿ ಸಾಲ ತಂದು ಕಾರ್ಖಾನೆ ಹಿಗ್ಗಿಸಿತು. ಯುದ್ಧ ಮುಗಿಯಿತು, ಆರ್ಡರು ನಿಂತಿತು, ಶೆಡ್ಡುಗಳು ಮತ್ತು ಸಾಲ ಉಳಿದವು. ಯಂತ್ರಗಳನ್ನು ಖಾಲಿ ಬಿಡಲಾಗದೆ ಚಾಕು, ಬೀಗ, ಟಾರ್ಚು, ಚಕ್ರದ ಸ್ಕೇಟು ಎಲ್ಲದರ ಮೇಲೂ ವಿಂಚೆಸ್ಟರ್ ಎಂದು ಮುದ್ರೆ ಒತ್ತಿ ಮಾರಲು ನೋಡಿದರು. ಕೈ ಹತ್ತಲಿಲ್ಲ. 1931ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ ಕಂಪನಿ ದಿವಾಳಿಯ ಸ್ಥಿತಿಗೆ ಬಂದು, ಕೊನೆಗೆ ವೆಸ್ಟರ್ನ್ ಕಾರ್ಟ್ರಿಜ್ ಎಂಬ ತೋಟಾ ಕಂಪನಿ ಅದನ್ನು ಕೊಂಡಿತು. ಹೊಸ ಯಜಮಾನರು ಹಳೆಯ, ಮಾಡಲು ದುಬಾರಿಯಾದ ಮಾದರಿಗಳ ಪಟ್ಟಿ ಹಿಡಿದು ಕೂತರು. ಆ ದಶಕ ಮುಗಿಯುವಷ್ಟರಲ್ಲಿ 1895ನೇ ಮಾದರಿಯ ಕಥೆ ಮುಗಿದಿತ್ತು. ಎರಡನೇ ಮಹಾಯುದ್ಧ ಬಂದ ಮೇಲಂತೂ ಅದೇ ಕಾರ್ಖಾನೆ ಅಮೆರಿಕದ ಸೈನಿಕರಿಗೆ ಗರಾಂಡ್ ರೈಫಲ್, ಕಾರ್ಬೈನ್ ಮಾಡುವುದರಲ್ಲಿ ಮುಳುಗಿಹೋಯಿತು. .405 ತೋಟಾಗಳು ಇನ್ನಷ್ಟು ಕಾಲ ಎಳೆದು, ಆಮೇಲೆ ಅವೂ ನಿಂತವು.

ಈಗ ಆಂಡರ್ಸನ್ ಕಡೆಗೆ ಬನ್ನಿ. ಅವರು ಕೊಂದ ನರಭಕ್ಷಕ ಪ್ರಾಣಿಗಳ ಸರ್ಕಾರಿ ದಾಖಲೆ 1939ರಿಂದ 1966ರವರೆಗಿನದು. 8 ಚಿರತೆ, 7 ಹುಲಿ. ಆ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅವರ ದಾಖಲೆ ಶುರುವಾಗುವ ಹೊತ್ತಿಗೆ ಅವರ ನೆಚ್ಚಿನ ರೈಫಲ್ಲಿಗೆ ಹಿಂದೆ ನಿಲ್ಲುವ ಕಾರ್ಖಾನೆ ಇರಲಿಲ್ಲ. ಬೆಂಗಳೂರಿನಲ್ಲಿ ಕೂತ ಒಬ್ಬ ನೌಕರ, ತಯಾರಕರೇ ಮರೆತುಬಿಟ್ಟ ಯಂತ್ರವೊಂದನ್ನು ಎಣ್ಣೆ ಹಾಕಿ ಒರೆಸಿಟ್ಟುಕೊಂಡು, ಅದರ ಮೇಲೆ ತನ್ನ ಪ್ರಾಣವನ್ನೂ ಒಂದು ಹಳ್ಳಿಯ ನಂಬಿಕೆಯನ್ನೂ ಹೊರಿಸಿ ಕತ್ತಲಲ್ಲಿ ಕೂರುತ್ತಿದ್ದರು. ನಳಿಗೆಗೆ ಟಾರ್ಚು ಬಿಗಿದುಕೊಂಡು, ಮಚಾನಿನ ಮೇಲೋ ಬಂಡೆಯ ಮರೆಯಲ್ಲೋ. ಹೆಚ್ಚೆಂದರೆ ಒಂದೆರಡು ಗುಂಡಿಗೆ ಅವಕಾಶ. ಸನ್ನೆ ಸಿಕ್ಕಿಕೊಂಡರೆ ಕಸ್ಟಮರ್ ಕೇರ್ ಇಲ್ಲ.

ಆ ಕಾಲದಲ್ಲಿ ಇಂಥ ರೈಫಲ್ ಎಲ್ಲರ ಕೈಗೂ ಸಿಗುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. 1878ರ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರು ಬಂದೂಕು ಇಟ್ಟುಕೊಳ್ಳುವುದನ್ನು ಕಷ್ಟ ಮಾಡಿ, ಯುರೋಪಿಯನ್ನರಿಗೆ ಬಹುಕಾಲ ವಿನಾಯಿತಿ ಕೊಟ್ಟಿತ್ತು. ಕೊಡವರಿಗೆ ಸಿಕ್ಕ ರಿಯಾಯಿತಿ ಒಂದು ವಿಶೇಷ ಪ್ರಕರಣ, ಅದು ಇವತ್ತಿಗೂ ಇದೆ. ಉಳಿದವರಿಗೆ ಲೈಸೆನ್ಸಿನ ದಾರಿ, ಇಲ್ಲವೇ ಕಮ್ಮಾರನ ಕುಲುಮೆಯಲ್ಲಿ ಕದ್ದುಮುಚ್ಚಿ ಮಾಡಿಸಿದ ನಾಡಕೋವಿ. ಯಾವ ಅಳತೆಯ ರೈಫಲ್ ಯಾರ ಬಳಿ ಇರಬೇಕು ಎಂಬುದನ್ನೂ ಸರ್ಕಾರವೇ ತೀರ್ಮಾನಿಸುತ್ತಿತ್ತು. 20ನೇ ಶತಮಾನದ ಮೊದಲ ದಶಕದಲ್ಲಿ .450 ಅಳತೆಯ ರೈಫಲ್‌ಗಳು ಭಾರತಕ್ಕೆ ಬಾರದಂತೆ ತಡೆದರು. ಸೇನೆಯ ಹಳೆಯ ಬಂದೂಕುಗಳಿಗೂ ಅದೇ ಅಳತೆಯ ಗುಂಡು ಹೊಂದುತ್ತಿದ್ದರಿಂದ ಬಂಡುಕೋರರ ಕೈಸೇರಬಹುದೆಂಬ ಭಯ. ಬ್ರಿಟನ್ನಿನ ಬಂದೂಕು ಕಂಪನಿಗಳು ಭಾರತದ ಬೇಟೆಗಾರರನ್ನು ಕಳೆದುಕೊಳ್ಳಲು ಮನಸ್ಸಿಲ್ಲದೆ ಗಡಿಬಿಡಿಯಲ್ಲಿ .465, .470 ಎಂದು ಹೊಸ ಅಳತೆಗಳನ್ನು ಹುಟ್ಟಿಸಿದವು. ಅದೇ ಬುದ್ಧಿ ಸ್ವಾತಂತ್ರ್ಯದ ನಂತರವೂ ಮುಂದುವರಿಯಿತು. ಸೇನೆಯ .303 ನಾಗರಿಕರಿಗೆ ಕೂಡದು, ಆದ್ದರಿಂದ ಸರ್ಕಾರಿ ಕಾರ್ಖಾನೆಗಳು .315 ಎಂಬ ಬೇರೆ ಅಳತೆಯ ರೈಫಲ್ ಮಾಡಿ ಜನರಿಗೆ ಮಾರುತ್ತಾ ಬಂದವು. ಮಲೆನಾಡಿನಲ್ಲಿ ಬೆಳೆ ಕಾಯಲು ಲೈಸೆನ್ಸ್ ಪಡೆದ ರೈತರು ಇವತ್ತಿಗೂ ಪ್ರತಿ ಚುನಾವಣೆಗೆ ಕೋವಿಯನ್ನು ಹೊತ್ತುಕೊಂಡು ಹೋಗಿ ಪೊಲೀಸ್ ಠಾಣೆಗೆ ಒಪ್ಪಿಸಬೇಕಾಗುತ್ತದೆ.

ಕಾನೂನಿನ ಈ ಎರಡು ಬದಿಗಳಲ್ಲಿ ನಿಂತಿದ್ದ ಇಬ್ಬರು ಕಾಡಿನಲ್ಲಿ ಗೆಳೆಯರಾದದ್ದು ಆಂಡರ್ಸನ್ ಜೀವನದ ಬಹಳ ಚೆಂದದ ಅಧ್ಯಾಯ. ಚಿನ್ನಾರ್ ಹೊಳೆಯ ಬಳಿ ಅವರಿಗೆ ಸಿಕ್ಕ ಬೈರ ಪೂಜಾರಿ ನಾಡಕೋವಿ ಹಿಡಿದ ಕಳ್ಳಬೇಟೆಗಾರ. ಹಿಡಿದುಕೊಟ್ಟರೆ ಜೈಲು. ಆಂಡರ್ಸನ್ ಹಿಡಿದುಕೊಡಲಿಲ್ಲ. ಕಾಡನ್ನು ಓದುವುದನ್ನು ಅವನಿಂದ ಕಲಿತರು. ಮುರಿದ ಹುಲ್ಲು, ನೆಲದ ಮೇಲಿನ ಹೆಜ್ಜೆ, ಲಂಗೂರಿನ ಕೂಗು, ಕಡವೆಯ ಎಚ್ಚರಿಕೆ, ಗಾಳಿ ಬೀಸುವ ದಿಕ್ಕು, ಇವೆಲ್ಲ ಯಾವ ಕಾರ್ಖಾನೆಯಿಂದಲೂ ಬರುವಂಥದ್ದಲ್ಲ. ಆಂಡರ್ಸನ್‌ಗೆ ಕನ್ನಡ, ತಮಿಳು ಎರಡೂ ಮಾತಾಡಲು ಬರುತ್ತಿತ್ತು. ಹಳ್ಳಿಯ ಜನ ನರಭಕ್ಷಕನ ಬಗ್ಗೆ ದೊರೆಗೆ ಹೇಳದ ಸಂಗತಿಗಳನ್ನು ತಮ್ಮ ಮಾತಿನಲ್ಲಿ ಕೇಳಿದವನಿಗೆ ಹೇಳುತ್ತಾರೆ. ಅವರು ಬದುಕಿ ಉಳಿದದ್ದರಲ್ಲಿ .405 ಗುಂಡಿನ ಪಾಲೆಷ್ಟೋ ಈ ಎರಡು ಭಾಷೆಗಳ ಪಾಲೂ ಅಷ್ಟೇ ಇರಬೇಕು.

ಅವರ ಕಾಡುಗಳ ಭೂಪಟ ನಮ್ಮ ಮನೆಬಾಗಿಲಿನಿಂದಲೇ ಶುರುವಾಗುತ್ತದೆ. ಅರೆಕೆರೆ ಗೇಟಿನಿಂದ ನಗರಕ್ಕೆ ಬೆನ್ನು ಮಾಡಿ ಹೊರಟರೆ ಹುಳಿಮಾವು, ಗೊಟ್ಟಿಗೆರೆ, ಬನ್ನೇರುಘಟ್ಟ. ಅಲ್ಲಿಂದ ಆನೇಕಲ್, ಗಡಿ ದಾಟಿದರೆ ತಳಿ, ಜವಳಗಿರಿ, ಡೆಂಕಣಿಕೋಟೆ. ಅವರ ಪುಸ್ತಕಗಳಲ್ಲಿ ಬರುವ ಜವಳಗಿರಿಯ ಹೆಣ್ಣುಹುಲಿ, ಗುಮ್ಮಳಾಪುರದ ಚಿರತೆ, ಶಿವನಿಪಲ್ಲಿಯ ಕರಿಚಿರತೆ ಎಲ್ಲವೂ ಈ ಸುತ್ತಿನವು. ಗುಮ್ಮಳಾಪುರದ ಚಿರತೆಯೊಂದೇ ಅವರ ಲೆಕ್ಕದಲ್ಲಿ 40ಕ್ಕೂ ಹೆಚ್ಚು ಜನರನ್ನು ತಿಂದಿತ್ತು. ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಬಿಇಎಲ್ ಬರುವ ಮೊದಲು ಅದೂ ಚಿರತೆ ಬರುವ ಹಳ್ಳಿಯೇ. ಇನ್ನು ‘ಬೆಳ್ಳಂದೂರಿನ ನರಭಕ್ಷಕ’ ಎಂದಾಕ್ಷಣ ಔಟರ್ ರಿಂಗ್ ರೋಡು, ಐಟಿ ಪಾರ್ಕು ಎಂದುಕೊಳ್ಳಬೇಡಿ, ಆ ಬೆಳ್ಳಂದೂರು ಶಿವಮೊಗ್ಗ ಸೀಮೆಯದು.

ಜವಳಗಿರಿಯ ಹೆಣ್ಣುಹುಲಿಯ ಕಥೆ ಓದಿದ ಮೇಲೆ ನನಗೆ ಬಂದೂಕಿನ ಮಾರುಕಟ್ಟೆ ಎಂದರೇನು ಎಂಬುದು ಬೇರೆ ರೀತಿ ಅರ್ಥವಾಯಿತು. ಆ ಹುಲಿ ಮೊದಲು ಯಾರ ತಂಟೆಗೂ ಹೋದದ್ದಲ್ಲ. ಅದರ ಜೊತೆಗಾರ ಗಂಡುಹುಲಿಯನ್ನು ಯಾರೋ ಕೊಂದರು. ಜೊತೆಗಾರನನ್ನು ಕರೆಯುತ್ತಾ ಸುತ್ತುತ್ತಿದ್ದ ಹೆಣ್ಣುಹುಲಿಗೂ ಗುಂಡು ಬಿತ್ತು, ಆದರೆ ಸಾಯಲಿಲ್ಲ. ಗಾಯಗೊಂಡ ಹುಲಿ ಕಡವೆಯ ಬೆನ್ನು ಹತ್ತಲಾರದು. ಮನುಷ್ಯ ಸುಲಭ. ಅಲ್ಲಿಂದ ಮುಂದೆ ಹಳ್ಳಿಗಳಲ್ಲಿ ಹೆಣ ಬೀಳತೊಡಗಿದವು. ಕೊನೆಗೆ ಆಂಡರ್ಸನ್ ಆ ಹುಲಿಯನ್ನು ಕರೆಸಿದ್ದು ಗಂಡುಹುಲಿಯ ಕೂಗನ್ನು ತಮ್ಮ ಗಂಟಲಿನಿಂದ ಹೊರಡಿಸಿ. ಸತ್ತ ಜೊತೆಗಾರ ಮರಳಿ ಬಂದನೆಂದುಕೊಂಡು ಅದು ಎದುರಿಗೆ ಬಂತು, ವಿಂಚೆಸ್ಟರ್ ಗುಂಡಿಗೆ ಬಿತ್ತು. ಆ ಪುಟ ಓದಿದಾಗ ಶಭಾಷ್ ಎನ್ನಲು ಬಾಯಿ ಬರುವುದಿಲ್ಲ. ಅವರಿಗೂ ಆ ಕೊಲೆಯಲ್ಲಿ ಹೆಮ್ಮೆಗಿಂತ ಕಸಿವಿಸಿಯೇ ಹೆಚ್ಚಾಗಿತ್ತು ಎಂದು ನನಗೆ ಅನ್ನಿಸಿದೆ.

ಅವರ ಇತರ ಕಥೆಗಳಲ್ಲೂ ಇದೇ ಎಳೆ ಸಿಗುತ್ತದೆ. ಹಲವು ನರಭಕ್ಷಕಗಳ ಹಿಂದೆ ಯಾರದೋ ಅರೆಬರೆ ಗುಂಡು. ಹೊಲ ಕಾಯುವವನ ನಾಡಕೋವಿಯ ಚರೆಯೋ, ವಾರಾಂತ್ಯದ ಮೋಜಿಗೆ ಬಂದ ಸಾಹೇಬನ ದುಬಾರಿ ರೈಫಲ್ಲೋ. ಮುನಿಶಾಮಿಯ ಕಥೆಯಲ್ಲಂತೂ ಶಿಕಾರಿಯೇ ಒಂದು ದಂಧೆ. ಬೇಟೆಯ ಹುಚ್ಚಿನ ಸಾಹೇಬರಿಗೆ ಚಿರತೆಯ ಆಸೆ ತೋರಿಸಿ ಕಾಸು ಕೀಳುವುದು ಅವನ ಉದ್ಯೋಗ. ಮಾರಾಟವಾದ ಪ್ರತಿ ಬಂದೂಕಿನ ಜತೆ ಅದನ್ನು ಸರಿಯಾಗಿ ಹಿಡಿಯುವ ಕೈ ಮಾರಾಟವಾಗುವುದಿಲ್ಲವಲ್ಲ. ಹೊಡೆದವರು ಗಾಯಗೊಂಡ ಪ್ರಾಣಿಯನ್ನು ಕಾಡಿಗೆ ಬಿಟ್ಟು ಊರಿಗೆ ಹೋಗುತ್ತಿದ್ದರು, ಬಾಕಿ ತೀರಿಸುತ್ತಿದ್ದವರು ಸೌದೆ ತರಲು ಹೋದ ಹೆಂಗಸರು, ದನ ಕಾಯುವ ಹುಡುಗರು. ಆಮೇಲೆ ಆಂಡರ್ಸನ್‌ಗೆ ಕರೆ. ಗಾಯಗೊಂಡ ಪ್ರಾಣಿಯನ್ನು ಅರ್ಧಕ್ಕೆ ಬಿಟ್ಟು ಬರಬಾರದು, ಎಷ್ಟೇ ಅಪಾಯವಿದ್ದರೂ ಹಿಂಬಾಲಿಸಿ ಮುಗಿಸಬೇಕು ಎಂಬುದನ್ನು ಅವರು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು. ಇದೊಂದು ಶಿಸ್ತಿಗಾಗಿಯೇ ಅವರ ಬಗ್ಗೆ ನನಗೆ ಗೌರವ.

ಹಾಗೆಂದು ಅವರು ದೇವಮಾನವರಲ್ಲ. ನರಭಕ್ಷಕಗಳ ಹೊರತಾಗಿ ಬೇರೆ ಬೇಟೆಯನ್ನೂ ಆಡಿದವರು. ಕಥೆ ಹೇಳುವಾಗ ಬಣ್ಣ ಹಚ್ಚುತ್ತಿದ್ದರು ಎಂದು ಸಂಶಯಪಡುವವರಿದ್ದಾರೆ. ಕೆಲವು ರಾತ್ರಿಗಳ ವರ್ಣನೆ ಓದಿದಾಗ ನನಗೂ ಆ ಸಂಶಯ ಬಂದದ್ದುಂಟು. ಭೂತ ಪ್ರೇತ, ಮಾಟ ಮಂತ್ರದ ಬಗ್ಗೆ ಅವರಿಗಿದ್ದ ಆಸಕ್ತಿ ವಿಮಾನ ಕಾರ್ಖಾನೆಯ ಯೋಜನಾ ಮ್ಯಾನೇಜರಿಗೆ ಒಪ್ಪುವಂಥದ್ದೂ ಅಲ್ಲ. ಆದರೆ ಪೂಜಾರಿಗಳು, ಇರುಳರು, ಗಾರ್ಡುಗಳು, ಗಾಡಿ ಹೊಡೆಯುವವರು ಅವರ ಪುಸ್ತಕಗಳಲ್ಲಿ ಹೆಸರು, ಮುಖ, ಮಾತು ಇರುವ ಮನುಷ್ಯರಾಗಿ ಬರುತ್ತಾರೆ. ಆ ಕಾಲದ ಎಷ್ಟು ಬಿಳಿಯ ಬೇಟೆಗಾರರ ಪುಸ್ತಕಗಳಲ್ಲಿ ಇಂಥವರಿಗೆ ಜಾಗವಿದೆ, ನೋಡಿ.

1947ರಲ್ಲಿ ಬ್ರಿಟಿಷರು ಹೊರಟರು. ಉತ್ತರ ಭಾರತದಲ್ಲಿ ನರಭಕ್ಷಕಗಳ ಬೇಟೆಗೆ ಜಗತ್ಪ್ರಸಿದ್ಧರಾಗಿದ್ದ ಜಿಮ್ ಕಾರ್ಬೆಟ್ ಅದೇ ವರ್ಷ ಕೀನ್ಯಾಕ್ಕೆ ಹೋದರು, 1955ರಲ್ಲಿ ಅಲ್ಲೇ ತೀರಿಕೊಂಡರು. ಆಂಡರ್ಸನ್ ಎಲ್ಲಿಗೂ ಹೋಗಲಿಲ್ಲ. ಬೆಂಗಳೂರಿನಲ್ಲೇ ನೌಕರಿ, ಇಲ್ಲೇ ಸಂಸಾರ, ಮಗ ಡೊನಾಲ್ಡ್, ಮಗಳು ಜೂನ್. ಮೊದಲ ಪುಸ್ತಕ ಹೊರಬಂದದ್ದು 1954ರಲ್ಲಿ, ಅವರಿಗೆ 44 ವರ್ಷವಾದಾಗ. ಅಲ್ಲಿಂದ ಎರಡು ಮೂರು ವರ್ಷಕ್ಕೊಂದರಂತೆ ಬರೆಯುತ್ತಾ ಹೋದರು. ಬೇಟೆಯಾಡಿದ್ದಕ್ಕಿಂತ ಬರೆದದ್ದೇ ಅವರನ್ನು ಉಳಿಸಿತು ಎಂದು ಈಗ ಹೇಳುವುದು ಸುಲಭ. ಆಗ ಅದೂ ರಜೆಯ, ರಾತ್ರಿಯ ಕೆಲಸ.

ಆ ಪುಸ್ತಕಗಳನ್ನು ವರ್ಷದ ಕ್ರಮದಲ್ಲಿ ಓದಿದರೆ ಒಂದು ಬದಲಾವಣೆ ಕಾಣುತ್ತದೆ. ಮೊದಲಿನವುಗಳಲ್ಲಿ ಹುಲಿ ಸಾಯುತ್ತದೆ, ಕಥೆ ಮುಗಿಯುತ್ತದೆ. ಬರಬರುತ್ತಾ ಕಾಡು ಬರಿದಾಗುತ್ತಿರುವುದರ ದುಃಖ ಹೆಚ್ಚುತ್ತದೆ. ಹಿಂದೆ ರಾತ್ರಿಯಿಡೀ ಪ್ರಾಣಿಗಳ ಸದ್ದಿದ್ದ ಕಣಿವೆಗಳು ಮೌನವಾಗಿವೆ. ಜೀಪಿನಲ್ಲಿ ಸ್ಪಾಟ್‌ಲೈಟ್ ಬಿಟ್ಟು ರಾತ್ರೋರಾತ್ರಿ ಜಿಂಕೆ ಹೊಡೆದುಕೊಂಡು ಹೋಗುವವರ ಮೇಲೆ ಅವರಿಗೆ ಸಿಟ್ಟು. ಕೊನೆಗಾಲದಲ್ಲಿ ಅವರು ರೈಫಲ್ ಬದಿಗಿಟ್ಟು ಕ್ಯಾಮೆರಾ ಹಿಡಿದು ಕಾಡಿಗೆ ಹೋಗುತ್ತಿದ್ದರು. ವನ್ಯಜೀವಿಗಳನ್ನು ಉಳಿಸಬೇಕೆಂದು ದಕ್ಷಿಣ ಭಾರತದಲ್ಲಿ ಮೊದಮೊದಲು ಮಾತಾಡಿದವರಲ್ಲಿ ಅವರ ಹೆಸರೂ ಇದೆ.

ವಿಂಚೆಸ್ಟರ್ ಕಂಪನಿ 1895ನೇ ಮಾದರಿಯನ್ನು ಬಿಟ್ಟಾಗ ಹುಲಿಯ ಬಗ್ಗೆ ಯೋಚಿಸಿರಲಿಲ್ಲ. ಒಂದು ರೈಫಲ್ ಮಾಡಲು ತಗಲುವ ವೆಚ್ಚ, ಅದಕ್ಕೆ ಸಿಗುವ ಬೆಲೆ, ಎರಡರ ನಡುವೆ ಉಳಿಯುವುದೆಷ್ಟು ಎಂದು ನೋಡಿತು. ಕೋಲ್ಟ್ ಮಾಡಿದ್ದೂ ಅದೇ. ಆಂಡರ್ಸನ್‌ಗೆ ಅಂಥ ಲೆಕ್ಕದ ಒತ್ತಾಯವಿರಲಿಲ್ಲ. 30 ವರ್ಷ ಪಳಗಿದ ಕೈ, ಎಲ್ಲರೂ ಹೊಗಳುವ ಗುರಿ, ಕೇಳಿದೊಡನೆ ಪರವಾನಗಿ ಸಿಗುವಷ್ಟು ಹೆಸರು, ಎಲ್ಲವೂ ಇತ್ತು. ಇಷ್ಟೆಲ್ಲ ಇದ್ದವರು ತಮಗೆ ಅತ್ಯಂತ ಚೆನ್ನಾಗಿ ಬರುವ ಕೆಲಸವನ್ನು ಬಿಟ್ಟರು. ನಾವು ಒಂದು ಸಾಫ್ಟ್‌ವೇರ್ ಕಲಿತು ಮುಗಿಸುವಷ್ಟರಲ್ಲಿ ಕಂಪನಿ ಅದನ್ನು ನಿಲ್ಲಿಸಿಬಿಟ್ಟರೆ ಗೊಣಗುತ್ತೇವೆ. ಗೊಣಗಲು ಅಲ್ಲಿ ಬೇರೆಯವರಿದ್ದಾರೆ. ಯಾರೂ ಬಿಡು ಎನ್ನದಿದ್ದಾಗ ತಾನೇ ಬಿಡುವುದು ಎಷ್ಟು ಕಷ್ಟವಿದ್ದಿರಬಹುದು ಎಂದು ಇದನ್ನು ಬರೆಯುವಾಗಲೂ ಯೋಚಿಸುತ್ತಿದ್ದೇನೆ.

ಕಾನೂನು ಬಂದದ್ದು ಅವರ ಬದುಕಿನ ಕೊನೆಯಲ್ಲಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಯಾಯಿತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಶುರುವಾಯಿತು, ಮೊದಲ 9 ತಾಣಗಳಲ್ಲಿ ನಮ್ಮ ಬಂಡೀಪುರವೂ ಒಂದು. ಹುಲಿ ಬೇಟೆಯ ರೈಫಲ್ ಎಂಬ ವಸ್ತುವಿಗೆ ಭಾರತದಲ್ಲಿ ಕಾನೂನುಬದ್ಧ ಕೆಲಸವೇ ಉಳಿಯಲಿಲ್ಲ. 1974ರಲ್ಲಿ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವಾಯಿತು. ಅದೇ ವರ್ಷ ಆಗಸ್ಟ್ 30ರಂದು ಆಂಡರ್ಸನ್ ಬೆಂಗಳೂರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರಿಗೆ 64 ವರ್ಷ. ಅವರ ಇನ್ನೊಂದು ಪುಸ್ತಕ ಹೊರಬಂದದ್ದು ಅವರು ಹೋದ ಎರಡು ವರ್ಷಗಳ ನಂತರ. ಮಗ ಡೊನಾಲ್ಡ್ 2014ರವರೆಗೆ ಬದುಕಿದ್ದರು. ಅವರ ನೆನಪುಗಳೂ 2018ರಲ್ಲಿ ಪುಸ್ತಕವಾಗಿ ಬಂದಿವೆ.

ನ್ಯೂ ಹೇವನ್‌ನ ಆ ಹಳೆಯ ಕಾರ್ಖಾನೆ 2006ರಲ್ಲಿ ಬಾಗಿಲು ಹಾಕಿತು, ಕಂಪನಿ ಶುರುವಾಗಿ 140 ವರ್ಷಕ್ಕೆ. ವಿಂಚೆಸ್ಟರ್ ಎಂಬ ಹೆಸರು ಮಾತ್ರ ಪರವಾನಗಿಯ ಮೇಲೆ ಓಡಾಡುತ್ತಿದೆ. ವಿಚಿತ್ರವೆಂದರೆ 1895ನೇ ಮಾದರಿಯೂ ಮತ್ತೆ ಬಂದಿದೆ, .405 ಅಳತೆಯಲ್ಲೇ. ಈಗ ಅದನ್ನು ಮಾಡುವುದು ಜಪಾನಿನ ಮಿರೋಕು ಎಂಬ ಕಾರ್ಖಾನೆ. ಕೊಳ್ಳುವವರು ಹೆಚ್ಚಾಗಿ ರೂಸ್‌ವೆಲ್ಟ್ ಕಾಲದ ನೆನಪಿಗೆಂದು ಗೋಡೆಗೆ ತೂಗುಹಾಕಿಕೊಳ್ಳುವವರು.

ಈ ಕಡೆ ಬನ್ನೇರುಘಟ್ಟ ರಸ್ತೆಯಲ್ಲಿ ಚಿರತೆಗಳು ಪೂರ್ತಿ ಹೋಗಿಲ್ಲ. 2023ರ ಅಕ್ಟೋಬರ್ ಕೊನೆಯಲ್ಲಿ ನಮ್ಮಿಂದ ಕೆಲವೇ ಕಿಲೋಮೀಟರ್ ದೂರದ ಕೂಡ್ಲು ಬಳಿ ಒಂದು ಚಿರತೆ ಬಂದು, ಅಪಾರ್ಟ್‌ಮೆಂಟಿನ ಸಿಸಿಟಿವಿಯಲ್ಲೆಲ್ಲ ಕಾಣಿಸಿಕೊಂಡು ದಿನಗಟ್ಟಲೆ ಸುದ್ದಿಯಾಗಿತ್ತು. ಅರಿವಳಿಕೆ ಕೊಟ್ಟು ಹಿಡಿಯಲು ಹೋದ ಸಿಬ್ಬಂದಿಯ ಮೇಲೆ ಅದು ಎರಗಿತು, ಗುಂಡು ತಗುಲಿ ಸತ್ತಿತು. ಆ ದಿನ ಮೊಬೈಲ್ ಗ್ರೂಪುಗಳಲ್ಲಿ ಕೊಂದದ್ದು ತಪ್ಪು ಎನ್ನುವವರೂ ಇನ್ನೂ ಮೊದಲೇ ಕೊಲ್ಲಬೇಕಿತ್ತು ಎನ್ನುವವರೂ ಕಿತ್ತಾಡಿದರು. ಗಾಯಗೊಂಡ ಪ್ರಾಣಿಯ ಎದುರು ನಿಲ್ಲುವುದೆಂದರೆ ಏನು ಎಂಬುದನ್ನು ಆಂಡರ್ಸನ್ ಪುಟಗಟ್ಟಲೆ ಬರೆದಿದ್ದಾರೆ, ಆ ಜಗಳದಲ್ಲಿ ಅದನ್ನು ಓದಿದವರು ಯಾರೂ ಇದ್ದಂತಿರಲಿಲ್ಲ.

ಮೆಜೆಸ್ಟಿಕ್‌ನಿಂದ ಹೊರಡುವ 365 ನಂಬರಿನ ಬಸ್ಸು ಅರೆಕೆರೆ ದಾಟಿ ಬನ್ನೇರುಘಟ್ಟದವರೆಗೆ ಹೋಗುತ್ತದೆ. ಅಲ್ಲಿ ಕಾಂಕ್ರೀಟು ಮುಗಿಯುತ್ತದೆ. ಚಳಿಗಾಲದಲ್ಲಿ, ರಾಗಿ ಕೊಯ್ಲಿನ ಹೊತ್ತಿಗೆ, ತಳಿ ಜವಳಗಿರಿಯ ಕಡೆಯಿಂದ ಆನೆಗಳ ಹಿಂಡು ಅದೇ ಹಳೆಯ ದಾರಿಯಲ್ಲಿ ಈ ಕಡೆಗೆ ಬರುತ್ತದೆ. ಹೊಲದ ಅಂಚಿನಲ್ಲಿ ಅರಣ್ಯ ಇಲಾಖೆಯ ವಾಚರುಗಳು ಟಾರ್ಚು, ಪಟಾಕಿ ಹಿಡಿದು ರಾತ್ರಿಯಿಡೀ ಕಾಯುತ್ತಾರೆ.